ಹೂ ಬಿರಿಯುವ ಒಂದು ಗಂಟೆ

“ತಲೆವಸ್ತ್ರ ಬಿಚ್ಚಿ ಕೊಡವು, ಕಳ್ಳ ರಂಡೆ!”

ಎರಡು ಸಾವಿರದ ಮೂರರ ಮಾರ್ಚ್ ತಿಂಗಳು, ಸಂಜೆ ಐದರ ಹೊತ್ತು. ಬೇಸಿಗೆಯ ಕೊಳಕೆ ಭತ್ತ ಹೂವಿಗೆ ಬಂದಿತ್ತು. ಮಡಂತ್ಯಾರಿನಾಚೆಯ ತನ್ನ ಗದ್ದೆಯ ದಾರಿಗೆ ಧಣಿ ಅಡ್ಡ ನಿಂತಿದ್ದ. ಕೆಲಸ ಮುಗಿಸಿ ಹೊರಟಿದ್ದ ನಫೀಸಮ್ಮ ಎಲ್ಲರೆದುರು ಬಿಚ್ಚಿ ಕೊಡವಿದಳು. ಉದುರಿದ್ದು ನಾಲ್ಕು ಚೂರು ಹೊಟ್ಟು.

“ಕದಿಯಲಿಕ್ಕೆ ಏನುಂಟು ಧಣಿಗಳೇ? ಬೀಜ ನನ್ನದೇ ಅಲ್ವಾ?”

ಸುಳ್ಳಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಾಗ ಊರಿನ ಎತ್ತರದ ಬೆಟ್ಟುಗದ್ದೆಗಳೆಲ್ಲ ಒಣಗಿ, ಅವಳ ತುಂಡು ನೆಲದ ಕರಿಹೊಟ್ಟಿನ ಭತ್ತ ಮಾತ್ರ ನಿಂತಿತ್ತು. ಬೀಜದ ಕಂಪನಿಯ ಸ್ವರ್ಣಲತಾ ಮೇಡಂ ಮನೆಗೇ ಬಂದು, ಬೀಜ ಕಟ್ಟಿಟ್ಟಿದ್ದ ಹುಲ್ಲಿನ ಮುಡಿ ಬಿಚ್ಚಿಸಿ, ಇದ್ದಷ್ಟನ್ನೂ ಒಯ್ದರು. ಬಿತ್ತನೆಗೆ ವಾಪಸು ಕೊಡುವ ಮಾತಾಗಿತ್ತು. ಕಂಪನಿ ಗೇಣಿಗೆ ಹಿಡಿದಿದ್ದ ಧಣಿಯ ಗದ್ದೆಯಲ್ಲಿ ಅವಳಿಗೆ ಕೆಲಸವನ್ನೂ ಕೊಟ್ಟರು. ಬೀಡಿ ಕಟ್ಟಿ ಪಳಗಿದ ಬೆರಳುಗಳಲ್ಲವೇ? ಸಂಜೆ ಕರಿಹೊಟ್ಟಿನ ಹೂವಿನ ತುದಿ ಕತ್ತರಿಸಿ, ಚಿಮಟದಿಂದ ಒಳಗಿನ ಆರು ಕೇಸರ ಕೀಳಬೇಕು. ಮರುದಿನ ಹತ್ತು ಗಂಟೆಗೆ ಕಂಪನಿ ಭತ್ತದ ಹೂ ಬಿರಿದಾಗ, ಅದರ ಪರಾಗದ ಪುಡಿಯನ್ನು ಇದರ ಮೇಲೆ ಉದುರಿಸಬೇಕು. ಒಂದು ಗಂಟೆ ಕಳೆದರೆ ಹೂ ಮುಚ್ಚಿಕೊಳ್ಳುತ್ತದೆ.

ತಲೆವಸ್ತ್ರ ಕೊಡವಿದ ಮರುದಿನ ಬುಧವಾರ. ಕಂಪನಿ ಭತ್ತದಲ್ಲಿ ಹೂ ಉಳಿದ ಕೊನೆಯ ದಿನ.

“ಒಂದು ಸೇರು ಬೀಜ ಕೊಡಿ ಮೇಡಂ. ಮಳೆ ಬಂದರೆ ನಾನು ಬಿತ್ತುವುದು ಏನನ್ನು?”

“ಅದೀಗ ಕಂಪನಿಯದ್ದು ನಫೀಸಮ್ಮ, ಒಂದು ಕಾಳೂ ಹೊರಗೆ ಹೋಗ್ಬಾರ್ದು. ಬರ ತಡೆಯುವ ಗುಣ ಈ ತಾಯಿಗಿಡದಿಂದ ಮರಿಗೆ ಇಳಿಯಬೇಕು, ಇಳುವರಿ ಕಂಪನಿಯ ಗಿಡದಿಂದ…”

“ಓ! ಬಾಯಾರಿಕೆ ತಡೆಯುವುದು ನಮ್ಮ ಕಡೆಯಿಂದ, ಹೊಟ್ಟೆ ತುಂಬುವುದು ನಿಮ್ಮ ಕಡೆಯಿಂದ!”

ಪಕ್ಕದ ಸಾಲಿನ ಆಳು ತುಕ್ರಪ್ಪ ಕಿಸಕ್ಕನೆ ನಕ್ಕ.

“ಬಾಯಿ ಮುಚ್ಚಿ ಕೆಲಸ ಮಾಡು, ಬೇವಾರ್ಸಿ! ಗಂಟೆ ಹತ್ತಾಯ್ತು,” ಧಣಿ ಅವಳಿಗೆ ಗದರಿದ.

ನಫೀಸಮ್ಮ ಚಿಮಟವನ್ನು ಬದುವಿನ ಮೇಲಿಟ್ಟು ಕುಳಿತುಬಿಟ್ಟಳು.

“ಬೀಜ ಕೊಡಿ, ಏಳ್ತೇನೆ.”

ಪುಡಿ ಉದುರಿಸಬೇಕಾದದ್ದು ನಲವತ್ತು ಗಿಡ. ಮೇಡಂ ತಾವೇ ಇಳಿದರು. ಗಡಿಬಿಡಿಯಲ್ಲಿ ಎರಡು ತೆನೆ ಮುರಿದವು.

“ತುಕ್ರಾ, ನೀನು ಉದುರಿಸು ಮಾರಾಯ!”

“ನನ್ನದು ದಪ್ಪ ಬೆರಳು ಧಣಿಗಳೇ,” ಎಂದು ಅವನೂ ಅವಳ ಪಕ್ಕ ಕುಳಿತ.

“ನಾಳೆ ಹತ್ತು ಜನ ತರ್ತೇನೆ, ನಿನ್ನಂಥವರನ್ನು!”

“ತನ್ನಿ,” ಎಂದಳು ನಫೀಸಮ್ಮ. “ನಾಳೆಯವರೆಗೆ ಕಾಯಲಿಕ್ಕೆ ಹೂವಿಗೂ ಹೇಳಿ.”

ಬಿಸಿಲೇರಿತು. ಹೂಗಳು ಒಂದೊಂದಾಗಿ ಮುಚ್ಚಿಕೊಂಡವು. ಕೊನೆಯದು ಮುಚ್ಚುವವರೆಗೂ ಅವಳು ನೋಡುತ್ತಲೇ ಇದ್ದಳು. ಆಮೇಲೆ ಬರಿಗೈಯಲ್ಲಿ ಎದ್ದು ಹೋದಳು, ಆ ಬುಧವಾರ. ಗುರುವಾರ ತುಕ್ರಪ್ಪನೂ ಬರಲಿಲ್ಲ.