ಎರಡು ಕೆಂಪು ಹೊಲಿಗೆ

ಅಮ್ಮನ ಪಾದದ ಬಳಿ ಸರಿದಿದ್ದ ಬಿಳಿ ಚಾದರವನ್ನು ಮಗಳು ಎಳೆದು ಸರಿಮಾಡುತ್ತಿದ್ದಾಗ ಅಂಚು ಮಗುಚಿಕೊಂಡಿತು. ಒಳಬದಿಯ ಮೂಲೆಯಲ್ಲಿ ಹಸಿರು ದಾರದ ಮೂರು ಪುಟ್ಟ ಹೊಲಿಗೆಗಳಿದ್ದವು. ಅವಳ ಕೈ ಅಲ್ಲೇ ನಿಂತಿತು.

ಮೂರು ಹಸಿರು ಎಂದರೆ ಟೀಚರಮ್ಮ. ಬೀದಿಯ ತುದಿಯ ಮನೆಯವರು, ನಿವೃತ್ತರು, ತಿಂಗಳಿಗೆ ಎರಡು ಚಾದರ, ನಾಲ್ಕು ದಿಂಬಿನ ಚೀಲ ಒಗೆಯಲು ಕೊಡುವವರು. ಮೂವತ್ತು ವರ್ಷ ಲಾಂಡ್ರಿ ನಡೆಸಿ, ಒಬ್ಬರ ಕರ್ಚೀಫು ಇನ್ನೊಬ್ಬರ ಗಂಟಿಗೆ ಸೇರಲು ಬಿಡದ ಅಮ್ಮ ಈಗ ಮನೆಯ ಮುಂಗೋಣೆಯಲ್ಲೇ ಇದ್ದ ತನ್ನ ಅಂಗಡಿಯ ನಟ್ಟನಡುವೆ ಗಿರಾಕಿಯ ಚಾದರ ಹೊದ್ದು ಮಲಗಿದ್ದಳು.

"ದೊಡ್ಡಮ್ಮ, ಈ ಚಾದರ ಎಲ್ಲಿಂದ ತಂದ್ರಿ?"

ಅಮ್ಮನ ಅಕ್ಕ ಬಾಗಿಲ ಬಳಿ ಬಂದವರಿಗೆ ಕುರ್ಚಿ ಹಾಕುತ್ತಿದ್ದರು. "ಅಂಗಡಿ ಕಪಾಟಿಂದ ಕಣೆ. ಮೇಲೇ ಇತ್ತು. ಎಷ್ಟು ಬೆಳ್ಳಗಿದೆ ನೋಡು, ಒಂದು ಸುಕ್ಕಿಲ್ಲ. ಅವಳೇ ಇಸ್ತ್ರಿ ಮಾಡಿದ್ದು ಅವಳಿಗೇ ಇರ್ಲಿ ಅಂತ ಹೊದಿಸ್ದೆ. ಯಾಕೆ?"

"ಇದು ಗಿರಾಕೀದು."

"ಆಗ್ಲಿ ಬಿಡು. ಈಗ ಅದನ್ನೆಲ್ಲ ಯಾರು ನೋಡ್ತಾರೆ?"

ಈ ಮನೆಯಲ್ಲಿ ಇಂಥ ಮಾತನ್ನು ಇಷ್ಟು ಧೈರ್ಯವಾಗಿ ಯಾರೂ ಆಡಿದ್ದಿಲ್ಲ. ನೋಡುವವಳು ಕಣ್ಣು ಮುಚ್ಚಿದ್ದಳಲ್ಲ, ಅದಕ್ಕೇ ಆಡಿದರು.

ಹನ್ನೊಂದಕ್ಕೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು. ಗೋಡೆ ಗಡಿಯಾರದಲ್ಲಿ ಹತ್ತೂಕಾಲು. ಮಗಳು ಅಂಚನ್ನು ಮಡಚಿ ಗುರುತನ್ನು ಅಡಗಿಸಿ ಗೋಡೆಗೆ ಒರಗಿ ಕೂತಳು. ಸುಮ್ಮನಿದ್ದರೆ ಅಮ್ಮ ಬೇರೆಯವರ ಬಟ್ಟೆಯಲ್ಲಿ ಹೋಗುತ್ತಾಳೆ. ಬಾಯಿ ಬಿಟ್ಟರೆ, ಹತ್ತು ಜನರ ಎದುರು ಹೆಣದ ಹೊದಿಕೆಯಲ್ಲೂ ತಪ್ಪು ಹುಡುಕಿದ ಗೆರೆಯಮ್ಮನ ಮಗಳು ತಾನೇ. ಹಾಗೆ ಆಗಬಾರದೆಂದೇ ಅವಳು ಎರಡು ವರ್ಷದ ಹಿಂದೆ ಈ ಮನೆ ಬಿಟ್ಟದ್ದು.

*

ಗೆರೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅವಳು ಹಾಕಿದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ನಗುತ್ತಿದ್ದರು. ಮಗಳಿಗೆ ನಗು ಬರುತ್ತಿರಲಿಲ್ಲ. ಹನ್ನೆರಡು ವರ್ಷವಾದಾಗಿನಿಂದ ಅವಳು ಶಾಲೆಯಿಂದ ಬಂದು ಒಳಕೋಣೆಯ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಮುಗಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೂಲೆಯ ಸ್ಟೂಲಿನ ಮೇಲೆ ಕೂತ ಅಮ್ಮನಿಗೆ ತೋರಿಸಬೇಕು. ಸರಿಯಿದ್ದರೆ ಅಮ್ಮ ಮುಖ ಆಚೆ ತಿರುಗಿಸುತ್ತಿದ್ದಳು. ಇಲ್ಲದಿದ್ದರೆ ಪಕ್ಕದ ನೀರಿನ ಬಟ್ಟಲಿಗೆ ಬೆರಳು ಅದ್ದಿ, ಎದ್ದು ಬಂದು, ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಅಷ್ಟೇ. ಮತ್ತೆ ಮೊದಲಿನಿಂದ. ಬೈದರೆ ಎದುರಾಡಬಹುದು, ನೀರಿಗೆ ಏನೆಂದು ಎದುರಾಡುವುದು?

ಬೈಗುಳ ಉಳಿದ ವಿಷಯಗಳಿಗೆ ಮೀಸಲಾಗಿತ್ತು. ಕೂದಲು, ನಡಿಗೆ, ಗೆಳತಿಯರು, ನಗು. "ಅಷ್ಟೂ ಹಲ್ಲು ತೋರಿಸ್ಬೇಡ, ಎಣಿಸೋಕೆ ಯಾರೂ ಕೂತಿಲ್ಲ ಇಲ್ಲಿ." ಓದು ಮುಗಿದು ದಂತವೈದ್ಯರ ಬಳಿ ಕೆಲಸ ಸಿಕ್ಕಿತೆಂದು ಓಡಿ ಬಂದು ಹೇಳಿದರೆ, "ಕಂಡೋರ ಬಾಯಿ ನೋಡೋ ಕೆಲಸಾನೇ ಬೇಕಿತ್ತಾ ನಿಂಗೆ?" ಮೊದಲ ಸಂಬಳದಲ್ಲಿ ತಂದ ಸ್ವೆಟರನ್ನು ಅಮ್ಮ ಒಳಗು ಹೊರಗು ಮಾಡಿ ನೋಡಿ, "ಒಳಗಡೆ ಹೊಲಿಗೆ ನೋಡ್ದೆ ತಂದಿದ್ದೀಯ" ಎಂದಳು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಕಡೆಯೂ ಇರುತ್ತಾರೆ. ಅಮ್ಮನಿಗೆ ಮಾತ್ರ ಪ್ರತಿಸಲವೂ ಕಲ್ಲು ಸಿಗುತ್ತಿತ್ತು.

ಇಪ್ಪತ್ನಾಲ್ಕಕ್ಕೆ ಮಗಳು ಮೂರು ಬೀದಿ ಆಚೆ ಒಂದು ಕೋಣೆ ಹಿಡಿದಳು. ಕ್ಲಿನಿಕ್ಕಿನ ನರ್ಸು ಹೇಳಿಕೊಟ್ಟಿದ್ದಳು: "ಜಗಳ ಆಡ್ಬೇಡ. ಅವರೇನಂದ್ರೂ 'ಸರಿ ಅಮ್ಮ' ಅನ್ನು. ಆಮೇಲೆ ನಿಂಗೆ ತೋಚಿದ್ದು ಮಾಡು." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಉಪಾಯ ಕೆಲಸ ಮಾಡಿತು. ಭಾನುವಾರಕ್ಕೊಮ್ಮೆ ಬಂದು ಒಂದು ಗಂಟೆ ಕೂತು, ಹತ್ತು ಸಲ "ಸರಿ ಅಮ್ಮ" ಎಂದು, ಮನಸ್ಸಿಗೆ ಏನನ್ನೂ ಹಚ್ಚಿಕೊಳ್ಳದೆ ವಾಪಸು ಹೋಗುವುದನ್ನು ಅವಳು ಕಲಿತಳು.

ಕೋಣೆಗೆ ಬಂದ ಮೊದಲ ದಿನ ಅವಳು ಮಾಡಿದ ಕೆಲಸ ಒಂದೇ. ಬ್ಲೇಡು ಹಿಡಿದು ಕೂತು, ತನ್ನ ಪ್ರತಿಯೊಂದು ಬಟ್ಟೆಯ ಅಂಚಿನಿಂದ ಎರಡು ಕೆಂಪು ಹೊಲಿಗೆಗಳನ್ನು ಕಿತ್ತು ತೆಗೆದಳು. ಅದು ಅಂಗಡಿಯಲ್ಲಿ ಅವಳ ಗುರುತು. ಗಿರಾಕಿಗಳ ರಾಶಿಯ ಜೊತೆಗೇ ಅವಳ ಬಟ್ಟೆಯೂ ಒಗೆಯಲು ಬೀಳುತ್ತಿದ್ದುದರಿಂದ ಅಮ್ಮ ಅವಳ ಲಂಗಕ್ಕೂ ಟವೆಲ್ಲಿಗೂ ಅದನ್ನು ಹಾಕುತ್ತಿದ್ದಳು. ಅಮ್ಮನ ಸ್ವಂತ ಬಟ್ಟೆಗೆ ಗುರುತಿರಲಿಲ್ಲ. ಗುರುತಿಲ್ಲದ್ದು ಯಾವುದೋ ಅದು ಅಮ್ಮನದು. ದಾರದ ಬಣ್ಣಗಳು ಎಷ್ಟು ತಾನೇ ಇದ್ದಾವು? ಯಾರಾದರೂ ಬಟ್ಟೆ ಕೊಡುವುದು ನಿಲ್ಲಿಸಿದರೆ ಅವರ ಗುರುತು ಹೊಸ ಗಿರಾಕಿಗೆ ಹೋಗುವುದು ಅಂಗಡಿಯ ಪದ್ಧತಿ.

ತಿಂಗಳಾದ ಮೇಲೆ ಅಮ್ಮ ಕೋಣೆ ನೋಡಲು ಬಂದಳು. ಕಿಟಕಿಯ ಅಂಚಿನಲ್ಲಿ ಬೆರಳಾಡಿಸಿ ದೂಳು ನೋಡಿದಳು, ಚಪ್ಪಲಿಗಳನ್ನು ಸಾಲಾಗಿ ಇಟ್ಟಳು, ಕೈ ತೊಳೆದು ಟವೆಲ್ಲು ಹಿಡಿದಳು. ಅಂಚನ್ನು ಮಗುಚಿದಳು. ಅಲ್ಲಿ ಏನೂ ಇರಲಿಲ್ಲ.

"ಓಹೋ," ಎಂದಳು. ಟವೆಲ್ಲನ್ನು ಮಡಚಿಟ್ಟು ಹೊರಟುಹೋದಳು. ಗೆದ್ದೆ ಎಂದುಕೊಂಡ ಮಗಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

*

ಹತ್ತೂವರೆಗೆ ಟೀಚರಮ್ಮ ಕೋಲೂರಿಕೊಂಡು ಬಂದರು. ಎಲ್ಲರೂ ದಾರಿ ಬಿಟ್ಟರು. ಅವರು ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಚಾದರದ ಮೇಲೆ ಇಳಿಯಿತು. ಅಂಚಿನಲ್ಲಿ ಸಣ್ಣ ಕಸೂತಿಯ ಬಳ್ಳಿ ಇತ್ತು, ಅದನ್ನು ಹಾಕಿದ್ದು ಅವರದೇ ಕೈ. ಮಗಳು ಸರಿದು ಜಾಗ ಕೊಟ್ಟಳು.

ಟೀಚರಮ್ಮ ಅವಳ ಪಕ್ಕ ಕೂತು ಮೆಲ್ಲಗೆ ಹೇಳಿದರು. "ನಂಗೆ ಗೊತ್ತಾಯ್ತು. ಇರ್ಲಿ ಬಿಡು ಮಗು. ಒಂದು ಚಾದರ ಅವಳಿಗಿಂತ ಹೆಚ್ಚಾ?"

ಅಲ್ಲಿಗೆ ಮುಗಿಯಬೇಕಿತ್ತು. ಒಡತಿಯೇ ಬಿಟ್ಟುಕೊಟ್ಟ ಮೇಲೆ ಇನ್ನೇನು? "ಸರಿ" ಎಂದರೆ ಸಾಕಿತ್ತು. ಆ ಮಾತು ಅವಳಿಗೆ ಬಾಯಿಪಾಠವೂ ಆಗಿತ್ತು.

"ಇಲ್ಲ ಟೀಚರ್," ಎಂದಳು ಮಗಳು. "ಅಮ್ಮ ಒಪ್ಪಲ್ಲ."

ಅವಳು ಎದ್ದು ನಿಂತಳು. "ದೊಡ್ಡಮ್ಮ, ಇದನ್ನ ತೆಗೀಬೇಕು. ಬೇರೆ ಹೊದಿಸ್ಬೇಕು."

"ತಲೆ ಕೆಟ್ಟಿದೆಯೇನೇ ನಿಂಗೆ? ಇನ್ನರ್ಧ ಗಂಟೇಲಿ ವ್ಯಾನ್ ಬರತ್ತೆ."

"ಬರ್ಲಿ. ಕಾಯ್ತಾರೆ."

ದೊಡ್ಡಮ್ಮ ಕೂತವರ ಕಡೆ ತಿರುಗಿ ಕೈ ಚೆಲ್ಲಿದರು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ಸುಮ್ನೆ ಹೇಳ್ತಾರಾ? ಅವಳು ಹೋದ್ಲು, ಇವಳನ್ನ ಕೂರಿಸಿ ಹೋದ್ಲು." ಯಾರೋ ಗಂಡಸರು ಕೆಮ್ಮಿದರು. ಮಗಳ ಕಿವಿ ಬಿಸಿಯಾಯಿತು. ಆದರೂ ಅವಳು ಚಾದರದ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಹಿಡಿಯಲು ಬಂದವರು ಟೀಚರಮ್ಮನೇ. ಇಬ್ಬರೂ ಸೇರಿ ಮೂಲೆಗೆ ಮೂಲೆ ಕೂಡಿಸಿ ಮಡಚಿದರು. ಚಾದರದ ಕೆಳಗೆ ಅಮ್ಮ ಮನೆಯಲ್ಲಿ ತೊಡುವ ಬೂದು ಬಣ್ಣದ ಬಟ್ಟೆಯಲ್ಲಿದ್ದಳು, ಅಂದುಕೊಂಡದ್ದಕ್ಕಿಂತ ಚಿಕ್ಕವಳಾಗಿ ಕಂಡಳು.

"ಒಗೆದು ಕಳಿಸ್ತೀನಿ ಟೀಚರ್."

"ಹೂಂ. ಕಳ್ಸು," ಎಂದರು ಟೀಚರಮ್ಮ.

ಇಸ್ತ್ರಿಯಕ್ಕ ಒಳಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಅಮ್ಮನ ಜೊತೆ ಇಸ್ತ್ರಿ ತಿಕ್ಕಿದವಳು. ನಿನ್ನೆ ಸಂಜೆ ಸ್ಟೂಲಿನಿಂದ ಕುಸಿದ ಅಮ್ಮನನ್ನು ಮೊದಲು ಹಿಡಿದದ್ದೂ ಅವಳೇ.

"ಬಾ ಪುಟ್ಟಿ," ಎಂದಳು. "ನಿಮ್ಮಮ್ಮಂದೇ ಅಂತ ಒಂದಿದೆ. ತಾವು ಹೋದಾಗ ಹೊದಿಸೋಕೆ ಅಂತ ತೆಗೆದಿಟ್ಟಿದ್ರು. ಹಳದಿ ಆಗ್ಬಾರ್ದು ಅಂತ ವರ್ಷಕ್ಕೊಂದ್ಸಲ ಒಗೀತಿದ್ರು. ಮೊನ್ನೇನೂ ಒಗೆದ್ರು, ಇಸ್ತ್ರಿ ಆಗಿಲ್ಲ. ಗಲಾಟೇಲಿ ನಿಮ್ಮ ದೊಡ್ಡಮ್ಮಂಗೆ ಹೇಳೋದು ಮರ್ತೆ."

ಸಾವಿನ ಹೊದಿಕೆಯನ್ನೂ ಬೇರೆಯವರ ಆಯ್ಕೆಗೆ ಬಿಟ್ಟಿರಲಿಲ್ಲ ಅಮ್ಮ. ಮಗಳಿಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಬುಟ್ಟಿಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಬಿಳಿ ಚಾದರವನ್ನು ಎತ್ತಿ ಮೇಜಿನ ಮೇಲೆ ಹರಡಿದಳು. ಅಭ್ಯಾಸಬಲದಿಂದ ಮೂಲೆ ಮಗುಚಿ ನೋಡಿದಳು.

ಎರಡು ಕೆಂಪು ಹೊಲಿಗೆ.

"ಇದು ನನ್ನ ಗುರುತು," ಎಂದಳು.

"ಹೌದು."

"ಇಲ್ಲಿ ಹೇಗೆ ಬಂತು?"

ಇಸ್ತ್ರಿಯಕ್ಕ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಅಮ್ಮನ ಸ್ವೆಟರನ್ನು ತೆಗೆದು ಅಂಚು ತೋರಿಸಿದಳು. ಅಲ್ಲೂ ಎರಡು ಕೆಂಪು. ಕೈ ಒರೆಸುವ ಬಟ್ಟೆಯಲ್ಲೂ ಎರಡು ಕೆಂಪು.

"ನೀನು ಬಟ್ಟೆ ತರೋದು ಬಿಟ್ಟೆ. ಆರು ತಿಂಗಳಾಗಿತ್ತು. ಔಷಧಿ ಅಂಗಡಿಯವರು ಹೊಸದಾಗಿ ಸೇರಿದ್ರು. ಎರಡು ಕೆಂಪು ಖಾಲಿ ಇದೆಯಲ್ಲ, ಅದನ್ನೇ ಕೊಡೋಣ ಅಂದೆ ನಾನು. ಖಾಲಿ ಇಲ್ಲ ಅಂದ್ರು. ಇದೆ ಅಂದೆ. ಸೂಜಿ ತಗೊಂಡು ಕೂತು ತಮ್ಮ ಬಟ್ಟೆಗೆಲ್ಲ ಅದನ್ನೇ ಹಾಕ್ಕೊಂಡ್ರು. ಈಗ ಯಾರಿಗೂ ಕೊಡೋಕಾಗಲ್ಲ ಅಂದ್ರು."

ಮಗಳು ಮೇಜಿನ ಅಂಚು ಹಿಡಿದುಕೊಂಡಳು. "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನೇನಂತಿದ್ದೆ?"

ಸರಿ ಅಮ್ಮ ಎನ್ನುತ್ತಿದ್ದಳು. ಬೇರೇನೂ ಎನ್ನುತ್ತಿರಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು. ಇಸ್ತ್ರಿಯಕ್ಕ ಸಮಾಧಾನ ಮಾಡಲು ಹೋಗಲಿಲ್ಲ, ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಕಿದಳು.

"ನಾನೇ ಮಾಡ್ಲಾ?" ಎಂದಳು.

"ಬೇಡ. ನಾನು ಮಾಡ್ತೀನಿ."

ಎರಡು ವರ್ಷದಿಂದ ಅವಳು ಪೆಟ್ಟಿಗೆ ಮುಟ್ಟಿರಲಿಲ್ಲ. ಸುಕ್ಕು ಬಟ್ಟೆಯನ್ನೇ ಬೇಕೆಂದು ತೊಟ್ಟು ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಕೈ ಮಾತ್ರ ಮರೆತಿರಲಿಲ್ಲ. ಮಧ್ಯದಿಂದ ಅಂಚಿಗೆ, ಅಂಚಿನಿಂದ ಮೂಲೆಗೆ. ಆವಿ ಮುಖಕ್ಕೆ ಬಡಿಯುತ್ತಿತ್ತು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಕುರ್ಚಿಗಳು ಸರಿದವು.

ಚಾದರ ಮುಗಿಯಿತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮೂಲೆಯ ಕಡೆ ತಿರುಗಿದಳು.

ಅಲ್ಲಿ ಖಾಲಿ ಸ್ಟೂಲು ಇತ್ತು, ಪಕ್ಕದಲ್ಲಿ ನೀರಿನ ಬಟ್ಟಲು ಇತ್ತು. ಬಟ್ಟಲಲ್ಲಿ ನಿನ್ನೆಯ ನೀರು.

"ಚೆನ್ನಾಗಾಯ್ತು ಪುಟ್ಟಿ," ಎಂದಳು ಇಸ್ತ್ರಿಯಕ್ಕ. "ಕೊಡು, ತಗೊಂಡು ಹೋಗೋಣ."

"ಸಾಕು ಬಾರೇ, ಡ್ರೈವರ್ ಹಾರ್ನ್ ಹೊಡೀತಿದ್ದಾನೆ," ಎಂದು ದೊಡ್ಡಮ್ಮ ಹೊರಗಿನಿಂದ ಕೂಗಿದರು.

ಮಗಳು ಅಲುಗದೆ ಚಾದರವನ್ನು ನೋಡುತ್ತಿದ್ದಳು. ಎರಡು ಕೆಂಪು ಹೊಲಿಗೆಗಳ ಪಕ್ಕದಲ್ಲಿ, ಕೂದಲೆಳೆಯಷ್ಟು ಸಣ್ಣದೊಂದು ಸುಕ್ಕು ಉಳಿದಿತ್ತು. ಇಡೀ ಬೀದಿಯಲ್ಲಿ ಅದನ್ನು ಕಾಣಬಲ್ಲ ಕಣ್ಣು ಇನ್ನೊಂದು ಉಳಿದಿರಲಿಲ್ಲ.

ಅವಳು ಚಾದರವನ್ನು ಮತ್ತೆ ಮೇಜಿನ ಮೇಲೆ ಹರಡಿದಳು. ಮೂಲೆಗೆ ಹೋಗಿ ಬಟ್ಟಲಿಗೆ ಬೆರಳು ಅದ್ದಿ, ಬಂದು ಆ ಸುಕ್ಕಿನ ಮೇಲೆ ನೀರು ಚಿಮುಕಿಸಿದಳು.