ಕುರ್ಚಿ ಅಕ್ಕ ಕೂತ ಭಾನುವಾರ

ಕುರ್ಚಿ ಅಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹನ್ನೊಂದು ವರ್ಷ ಅವರ ಕ್ರೈಸ್ತ ಸಭೆಯ ಭಾನುವಾರದ ಆರಾಧನೆ ನಡೆದದ್ದು ಬಾಡಿಗೆಯ ಮದುವೆ ಹಾಲ್‌ನಲ್ಲಿ. ಹತ್ತೂವರೆ ಆಯಿತೋ ಇಲ್ಲವೋ, ಮದುವೆಯ ಅಡುಗೆಯವರು ಪಾತ್ರೆ ಸಮೇತ ನುಗ್ಗುತ್ತಿದ್ದರು. ಅಷ್ಟರೊಳಗೆ ಇನ್ನೂರು ಕುರ್ಚಿ ಮಡಚಿ ಮೆಟ್ಟಿಲ ಕೆಳಗೆ ಪೇರಿಸಬೇಕು. ಕಡೆಯ ಹಾಡು ಶುರುವಾದರೆ ಸಾಕು, ಅಕ್ಕ ಹಿಂದಿನ ಸಾಲಿನಿಂದ ಮಡಚಲು ಹಿಡಿಯುವಳು. ಉಳಿದವರೂ ಹಾಡುತ್ತಲೇ ತಂತಮ್ಮ ಕುರ್ಚಿ ಎತ್ತುವರು. ಪಾಸ್ಟರು ಆಶೀರ್ವಾದ ಹೇಳುವುದು ಆ ಗದ್ದಲದಲ್ಲೇ.

ಪಾಸ್ಟರು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ. ಆದರೂ ಅವನ ಆಶೀರ್ವಾದವನ್ನು ಅವಳು ಒಂದು ದಿನವೂ ಕೂತು ಕೇಳಿದವಳಲ್ಲ. ಅವಳ ಗಂಡ ತೀರಿಕೊಂಡ ವಾರ ಆ ಭಾವನಿಗಾಗಿ ತಮ್ಮ ಪ್ರಾರ್ಥಿಸಿದಾಗಲೂ ಅವಳು ಮೆಟ್ಟಿಲ ಕೆಳಗೆ ಕುರ್ಚಿ ಪೇರಿಸುತ್ತಲೇ ಇದ್ದಳು. ಬೇಡವೆಂದರೂ ಕೈ ಕೇಳಿರಲಿಲ್ಲ. ಆ ಸಂಕಟ ಅವಳನ್ನು ಬಿಟ್ಟಿರಲಿಲ್ಲ.

ಊರಾಚೆಯ ಹಳೆಯ ಐಸ್ ಫ್ಯಾಕ್ಟರಿ ಮಾರಾಟಕ್ಕಿದೆ ಎಂದು ಪತ್ತೆ ಹಚ್ಚಿದವನು ಸಭೆಯ ಬಡಗಿ. ಎಲ್ಲರೂ ನೋಡಲು ಹೋದರು. ಒಳಗೆ ಕಗ್ಗತ್ತಲು.

"ಒಂದು ಕಿಟಕೀನೂ ಇಲ್ವಲ್ಲೋ," ಅಂದಳು ಅಕ್ಕ.

"ಐಸಿಗ್ಯಾಕಕ್ಕ ಕಿಟಕಿ? ನಮಗೆ ಬೇಕಂದ್ರೆ ನಾವೇ ಗೋಡೆ ಒಡೆದು ಇಡೋಣ," ಅಂದ ಬಡಗಿ.

ಫ್ಯಾಕ್ಟರಿ ಕೊಂಡು ಗೋಡೆ ಒಡೆದೇ ಬಿಟ್ಟರು. ತಂಪು ನಿಲ್ಲಲೆಂದು ಜೋಡಿ ಗೋಡೆಗಳ ನಡುವೆ ತುಂಬಿದ್ದ ಮರದ ಪುಡಿಯೆಲ್ಲ ಗಾರೆಯವನ ಮೇಲೆ ಸುರಿದು, ಕಟ್ಟಿಕೊಂಡ ಹೆಂಡತಿಗೇ ಅವನ ಗುರುತು ಸಿಗಲಿಲ್ಲ. ಆದರೆ ನೆಲದ ಮೇಲೆ ಮೊದಲ ಬಿಸಿಲು ಬಿತ್ತು ನೋಡಿ, ದೊಡ್ಡವರೆಲ್ಲ ಮಕ್ಕಳಾದರು. ಒಬ್ಬೊಬ್ಬರೂ ಹೋಗಿ ಆ ಬಿಸಿಲಲ್ಲಿ ನಿಂತು ಬಂದರು. ಮೂರು ತಿಂಗಳು ಯಾರಿಗೂ ಮನೆಯ ನೆನಪಿಲ್ಲ. ಟೈಲರಮ್ಮ ಸುಣ್ಣ ಬಳಿದಳು, ಮೇಷ್ಟ್ರು ಕಲ್ಲು ಹೊತ್ತರು. ಬಡಗಿ ಬೆಂಚುಗಳನ್ನು ಮಾಡಿ ನೆಲಕ್ಕೆ ಬೋಲ್ಟು ಹಾಕಿ ಬಿಗಿದ. "ಇನ್ಮೇಲೆ ಮಡಚೋದು ಗಿಡಚೋದು ಏನೂ ಇಲ್ಲ," ಎಂದ.

"ಈ ಸಲ ಆಶೀರ್ವಾದ ಕೂತೇ ಕೇಳ್ತೀನಿ ಕಣೋ," ಅಂದಳು ಅಕ್ಕ ತಮ್ಮನಿಗೆ. ಮೊದಲ ಆರಾಧನೆಯ ಹಿಂದಿನ ರಾತ್ರಿ ಖುಷಿಗೆ ಅವಳಿಗೆ ನಿದ್ದೆಯೇ ಹತ್ತಲಿಲ್ಲ.

ಮೊದಲ ಭಾನುವಾರ ಕಾಲಿಡಲು ಜಾಗವಿರಲಿಲ್ಲ. ಕಡೆಯ ಹಾಡು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಅಕ್ಕ ಎದ್ದು, ಬಗ್ಗಿ, ಬೆಂಚು ಹಿಡಿದು ಎಳೆಯುತ್ತಿದ್ದಳು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾಚಿಕೆಯಿಂದ ತಲೆ ಎತ್ತಿದರೆ, ಇಡೀ ಸಭೆ ಹಾಡುತ್ತಾ ಬಗ್ಗಿ ಬೆಂಚು ಎಳೆಯುತ್ತಿದೆ.

"ನನ್ನ ಬೋಲ್ಟು ಕೀಳಬೇಡ್ರಪ್ಪ," ಅಂತ ಬಡಗಿ ಅಂಗಲಾಚಿದ.

ಹಾಡು ಅಲ್ಲಿಗೇ ನಿಂತು ನಗು ಶುರುವಾಯಿತು. ತಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೇಳಿದ, "ಕೂತ್ಕೊಳ್ಳಿ. ನಮ್ಮನ್ನ ಯಾರೂ ಓಡಿಸಲ್ಲ. ಅಕ್ಕ, ನೀನೂ ಕೂತ್ಕೋ. ಭಾವ ಹೋದಾಗ ಮಾಡಿದ ಪ್ರಾರ್ಥನೆ ನೀನು ಕೇಳಿಲ್ಲ. ಇವತ್ತು ಮತ್ತೆ ಮಾಡ್ತೀನಿ."

ಅಕ್ಕ ಕೂತಳು. ಕಣ್ಣು ಮುಚ್ಚಿ ತಮ್ಮ ನಿಧಾನವಾಗಿ ಪ್ರಾರ್ಥಿಸಿದ: "ದೇವರೇ, ನಮ್ಮ ಭಾವನಿಗಾಗಿ ನಿನಗೆ ಸ್ತೋತ್ರ. ಅವರು ಪ್ರತಿ ಶನಿವಾರ ಯಾರಿಗೂ ಹೇಳದೆ ಮದುವೆ ಹಾಲ್‌ನ ಮಾಲೀಕರ ಹತ್ತಿರ ಹೋಗಿ, ಇನ್ನೈದು ನಿಮಿಷ ಕೊಡಿ, ನನ್ನ ಹೆಂಡತಿ ಒಂದಿನ ಕೂತು ಆಶೀರ್ವಾದ ಕೇಳಲಿ ಅಂತ ಬೇಡ್ಕೊಂಡು ಬರ್ತಿದ್ರು. ಅವರು ಹೋದ್ಮೇಲೆ ಆ ಮಾಲೀಕರೇ ನನಗೆ ಹೇಳಿದ್ರು."

ಆವತ್ತಿನ ಕುರ್ಚಿಗಳ ಗದ್ದಲದಲ್ಲಿ ಇದು ಯಾರ ಕಿವಿಗೂ ಬಿದ್ದಿರಲಿಲ್ಲ, ಅಕ್ಕನಿಗಂತೂ ಗೊತ್ತೇ ಇರಲಿಲ್ಲ. ಅವಳು ಎಲ್ಲರೆದುರು ಗಳಗಳ ಅತ್ತಳು, ಮೂಗು ಒರೆಸಿಕೊಂಡಳು.

"ಇನ್ನೊಂದ್ಸಲ ಹೇಳೋ," ಅಂದಳು.