ಬಿಳಿ ಟೈಲ್ಸಿನ ಮೇಲಿನ ಫ್ಯಾನು

ನನ್ನ ಅಡುಗೆಮನೆಯ ಬಿಳಿ ಟೈಲ್ಸಿಗೆ ಒಂದು ಮೊಳೆ ಹೊಡೆಯಲೂ ನಾನು ಯಾರಿಗೂ ಬಿಟ್ಟವಳಲ್ಲ. ಮಗ ಕ್ಯಾಲೆಂಡರ್ ತೂಗುಹಾಕಲು ಬಂದಾಗ ಕೈಯಿಂದ ಸುತ್ತಿಗೆ ಕಿತ್ತುಕೊಂಡಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ, ಮನೆಯವರೆಲ್ಲ ಬಲ್ಲರು.

ಆ ಟೈಲ್ಸಿನ ಮೇಲೆ, ಒಲೆಯ ನೇರಕ್ಕೆ ಎಕ್ಸಾಸ್ಟ್ ಫ್ಯಾನಿತ್ತು. ನನ್ನ ಗಂಡ ವೈರಿಂಗ್ ಕೆಲಸದವರು. ಇಡೀ ಮನೆಗೆ ವೈರು ಎಳೆದದ್ದು ಅವರೇ. ಈ ಮನೆಗೆ ಬಂದ ಇಪ್ಪತ್ತು ವರ್ಷದಲ್ಲಿ ಒಂದು ಲೋಟ ತೊಳೆದವರಲ್ಲ, ಆದರೆ ತಿಂಗಳಿಗೊಮ್ಮೆ ಆ ಫ್ಯಾನನ್ನು ಮಾತ್ರ ತಾವೇ ಒರೆಸುತ್ತಿದ್ದರು. ಅದಕ್ಕೆ ಮೊದಲು ಇಡೀ ಮನೆಯ ಮೇನ್ ಆಫ್. ನನ್ನ ಮಿಕ್ಸಿ ಅರ್ಧಕ್ಕೇ ನಿಲ್ಲುತ್ತಿತ್ತು.

"ಒಂದು ಫ್ಯಾನ್ ಒರೆಸೋಕೆ ಇಷ್ಟೊಂದು ಆರ್ಭಟ ಯಾಕ್ರೀ?" ಎಂದರೆ, "ಅದೊಂದನ್ನ ನೀನು ಮುಟ್ಬೇಡ, ಕೈಯೆಲ್ಲ ಜಿಡ್ಡಾಗುತ್ತೆ" ಎನ್ನುತ್ತಿದ್ದರು. ಅಕ್ಕಪಕ್ಕದವರ ಮುಂದೆ ಇದನ್ನು ಹೇಳಿಕೊಂಡು ನಾನು ಜಂಭ ಕೊಚ್ಚಿದ್ದೂ ಉಂಟು.

ಅವರು ತೀರಿಕೊಂಡು ಎರಡು ವರ್ಷ. ಒರೆಸುವವರಿಲ್ಲದೆ ಫ್ಯಾನು ಜಿಡ್ಡು ಮೆತ್ತಿಕೊಂಡು ನಿಂತೇಹೋಯಿತು. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನನ್ನ ಸೊಸೆ ಭಾನುವಾರ ಹೊಸದನ್ನು ಹಿಡಿದು ಬಂದಳು. ಆ ಗಲೀಜು ಅವಳ ಕಣ್ಣಿಗೆ ಬೀಳಬಾರದೆಂದು ನಾನು ಸ್ವಿಚ್ ಆರಿಸಿ, ಒದ್ದೆ ಬಟ್ಟೆ ಹಿಡಿದು ಆಗಲೇ ಸ್ಟೂಲ್ ಹತ್ತಿದ್ದೆ.

"ಅತ್ತೆ, ಇಳೀರಿ ಕೆಳಗೆ!"

"ಸ್ವಿಚ್ ಆಫ್ ಮಾಡಿದ್ದೀನಿ ಕಣೇ."

"ಮಾಡಿದ್ರೂ ಇಳೀರಿ."

ಗೊಣಗುತ್ತ ಇಳಿದೆ. ಅವಳು ಟೆಸ್ಟರನ್ನು ಮೊದಲು ಮಿಕ್ಸಿಯ ಪ್ಲಗ್ ಪಾಯಿಂಟಿಗೆ ಹಿಡಿದು ದೀಪ ಹೊತ್ತುವುದನ್ನು ನೋಡಿದಳು. "ಟೆಸ್ಟರೇ ಕೆಟ್ಟಿದ್ರೆ?" ಎಂದಳು. ಆಮೇಲೆ ಫ್ಯಾನಿನ ಮುಚ್ಚಳ ತೆಗೆದು ಒಂದು ವೈರಿನ ತಿರುಪಿಗೆ ಹಿಡಿದಳು. ಹೊತ್ತಿತು. ಇನ್ನೊಂದಕ್ಕೆ ಹಿಡಿದಳು. ಅದೂ ಹೊತ್ತಿತು. ಸ್ವಿಚ್ ಆಫೇ ಇತ್ತು.

ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ನೋಡಿಕೊಂಡೆ.

ಅವಳು ಮೇನ್ ಆರಿಸಿ, ಮತ್ತೊಮ್ಮೆ ಟೆಸ್ಟರ್ ಹಿಡಿದು ನೋಡಿ, ಹಳೆಯ ಫ್ಯಾನು ಬಿಚ್ಚಿದಳು. ಗೋಡೆಯಿಂದ ಬಂದ ಕೆಂಪು, ಕಪ್ಪು ತುದಿಗಳನ್ನು ದೂರ ದೂರ ಬಾಗಿಸಿ, ನನ್ನನ್ನು ಹಿಂದೆ ನಿಲ್ಲಿಸಿ, ಮೇನ್ ಹಾಕಿದಳು. ಟೆಸ್ಟರ್ ಹಿಡಿದರೆ ಕೆಂಪು ಸುಮ್ಮನಿತ್ತು. ಹೊತ್ತಿದ್ದು ಕಪ್ಪು.

"ಕೆಂಪಲ್ವೇನೇ ಕರೆಂಟು?"

"ಬಣ್ಣ ನಂಬೋ ಹಾಗಿಲ್ಲ ಅತ್ತೆ. ಒಳಗೆಲ್ಲೋ ವೈರು ಅದಲುಬದಲಾಗಿದೆ. ಸ್ವಿಚ್ ಆರಿಸಿದ್ರೆ ಫ್ಯಾನ್ ನಿಲ್ಲುತ್ತೆ, ಕರೆಂಟ್ ಮಾತ್ರ ಇದ್ದೇ ಇರುತ್ತೆ."

"ನೋಡು, ಇದು ನಿಮ್ಮ ಮಾವನ ಕೈಕೆಲಸ. ನೀನು ಹುಟ್ಟೋಕೆ ಮುಂಚೆ ಅವರು ವೈರು ಹಿಡಿದವರು!" ಎಂದು ಹಾರಾಡಿದೆ.

ಅವಳು ಮೇನ್ ಆರಿಸಿ ಬಂದು, ಹಳೆಯ ಫ್ಯಾನನ್ನು ಬೋರಲು ಹಾಕಿ ಜಿಡ್ಡು ಕೆರೆದಳು. ಚೌಕಟ್ಟಿನ ಹಿಂದೆ ಪೇಂಟಿನಲ್ಲಿ ಬರೆದಿತ್ತು. ಅವರದೇ ಅಕ್ಷರ: "ಸ್ವಿಚ್ ಆಫ್ ಇದ್ದರೂ ಕರೆಂಟ್ ಇದೆ. ಮೇನ್ ಆಫ್ ಮಾಡಿ. ವೈರಿನ ಜಾಯಿಂಟ್ ಟೈಲ್ಸಿನ ಒಳಗಿದೆ."

ಟೈಲ್ಸ್ ಹಾಕಿಸಿದ ದಿನ ನೆನಪಾಯಿತು. ಟೈಲ್ಸಿನವನು ಕಾಯುತ್ತಿದ್ದ. "ಅರ್ಧ ಗಂಟೆ ಕೊಡು, ಒಂದ್ಸಲ ವೈರಿಂಗ್ ಚೆಕ್ ಮಾಡ್ತೀನಿ" ಎಂದು ಇವರು ಹೇಳಿದ್ದರು. "ನಾಳೆ ಬಾಡಿಗೆ ಮನೆ ಬಿಡ್ಬೇಕು, ಮೊದ್ಲು ಮುಚ್ಚಿಸಿ" ಎಂದು ರೇಗಿದವಳು ನಾನು. ಮುಂದೊಂದು ದಿನ, "ಎರಡು ಟೈಲ್ಸ್ ತೆಗೀಬೇಕಾಗುತ್ತೆ ಕಣೇ" ಎಂದದ್ದಕ್ಕೆ, ಯಾಕೆಂದೂ ಕೇಳದೆ ಮೂರು ದಿನ ಮಾತು ಬಿಟ್ಟಿದ್ದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಬಟ್ಟೆ ಹಿಡಿದು ತಾವೇ ಸ್ಟೂಲ್ ಹತ್ತಿದರು.

ಸಿಟ್ಟು ಬಂತು, ಅಳುವೂ ಬಂತು. ಬಾಯಿಬಿಟ್ಟು ಹೇಳಬಾರದಿತ್ತೇ? ಹೇಳಿದ್ದರೆ ನಾನೇನು ತಿಂದುಬಿಡುತ್ತಿದ್ದೆನೇ? ತಿಂದೇಬಿಡುತ್ತಿದ್ದೆನೋ ಏನೋ.

"ಜಾಯಿಂಟ್ ಸರಿ ಮಾಡ್ಬೇಕಂದ್ರೆ..." ಎಂದ ಸೊಸೆ ಟೈಲ್ಸ್ ನೋಡಿದಳು, ನನ್ನ ಮುಖ ನೋಡಿದಳು. "ಬಿಡಿ ಅತ್ತೆ. ತಿಂಗಳಿಗೊಮ್ಮೆ ನಾನೇ ಬಂದು ಒರೆಸಿಕೊಡ್ತೀನಿ."

ಇವಳೂ ನನಗೆ ಹೆದರಿದ್ದಳು.

ಕಣ್ಣೊರೆಸಿಕೊಂಡು ಒಳಗಿನಿಂದ ಸುತ್ತಿಗೆ ತಂದೆ. "ಯಾವ ಟೈಲ್ಸು, ತೋರಿಸು."

ಅವಳು ಬೆರಳಿಟ್ಟು ತೋರಿಸಿದಳು. "ಮೇನ್ ಆಫ್ ಇದೆ ತಾನೇ?" ಎಂದು ಕೇಳಿ, ಮೊದಲ ಏಟು ನಾನೇ ಹಾಕಿದೆ.